ಕೊಡಗಿನ ಹಾಕಿ ತಾರೆಗಳು: ಮೊದಲಕ್ಷರಗಳ ಹಿಂದಿನ ಮನೆ ಹೆಸರುಗಳು

ಕಲ್ಕತ್ತೆಯ ಫುಟ್‌ಬಾಲ್ ಪ್ರೇಮಿಗಳಿಗೆ ತಮ್ಮ ಹಳೆಯ ತಾರೆಗಳನ್ನು ನೆನೆಯಲು ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಎಂಬ ಹೆಸರುಗಳೇ ಸಾಕು. ಕ್ಲಬ್ಬಿನ ಹೆಸರು ಹೇಳಿದೊಡನೆ ಆಟಗಾರರ ಸಾಲು ಕಣ್ಮುಂದೆ ಬರುತ್ತದೆ. ಭಾರತದ ಹಾಕಿಗೆ ಅಷ್ಟೊಂದು ಪ್ರತಿಭೆಗಳನ್ನು ನೀಡಿದ ಕೊಡಗಿಗೆ ಮಾತ್ರ ಅಂಥದೊಂದು ಕ್ಲಬ್ಬಿನ ಭಾಗ್ಯವಿರಲಿಲ್ಲ. ಇಲ್ಲಿನ ಹುಡುಗರು ಊರಿನ ಮೈದಾನದಲ್ಲಿ ದಾಂಡು ಹಿಡಿದು ಕಲಿತರು; ಹೆಸರು ಮಾಡಿದ್ದು ಸರ್ವಿಸಸ್, ಬಾಂಬೆ, ಬೆಂಗಳೂರು ಮುಂತಾದೆಡೆಗಳ ತಂಡಗಳಲ್ಲಿ. ಹೀಗಾಗಿ ಕೊಡಗಿನ ಹಾಕಿ ಚರಿತ್ರೆ ಒಂದು ಸಂಸ್ಥೆಯ ಕಡತದಲ್ಲಿ ಸಿಗುವಂಥದ್ದಲ್ಲ. ಅದು ಹರಿದು ಹಂಚಿಹೋಗಿರುವುದು ಎಂ.ಪಿ., ಎಂ.ಎಂ., ಎ.ಬಿ. ಎಂಬ ಮೊದಲಕ್ಷರಗಳಲ್ಲಿ.

ಈ ಮೊದಲಕ್ಷರಗಳನ್ನು ಬಿಡಿಸಿದರೆ ಕೊಡಗು ಕಾಣುತ್ತದೆ. ಕೊಡವರಲ್ಲಿ ಮನೆ ಹೆಸರು ಮೊದಲು, ತಂದೆಯ ಹೆಸರು ನಂತರ, ಸ್ವಂತ ಹೆಸರು ಕೊನೆಗೆ. ಎಂ.ಪಿ. ಗಣೇಶ್ ಎಂದರೆ ಮೊಳ್ಳೇರ ಪೂವಯ್ಯ ಗಣೇಶ್. ಎಂ.ಎಂ. ಸೋಮಯ್ಯ ಎಂದರೆ ಮನೆಯಪಂಡ ಮುತ್ತಣ್ಣ ಸೋಮಯ್ಯ. ಎ.ಬಿ. ಸುಬ್ಬಯ್ಯ ಎಂದರೆ ಅಂಜಪರವಂಡ ಬೋಪಯ್ಯ ಸುಬ್ಬಯ್ಯ. ಪತ್ರಿಕೆಗಳ ಸ್ಕೋರು ಪಟ್ಟಿಯಲ್ಲಿ ಒಂದಕ್ಷರಕ್ಕೆ ಇಳಿದುಹೋದ ಆ ಮನೆ ಹೆಸರು ಊರಿನವರ ಪಾಲಿಗೆ ಆಟಗಾರನ ಅರ್ಧ ಪರಿಚಯ. ಯಾವ ನಾಡಿನವನು, ಯಾವ ಒಕ್ಕದವನು, ಯಾರ ನೆಂಟ ಎಂಬುದೆಲ್ಲ ಅದರಿಂದಲೇ ತಿಳಿಯುತ್ತದೆ.

ಫುಟ್‌ಬಾಲ್ ಬಿಟ್ಟು ಬಂದ ನಾಯಕ

1946ರಲ್ಲಿ ಜನಿಸಿದ ಗಣೇಶ್ ಮೊದಲು ಕಾಲಿಗೆ ಚೆಂಡು ಕೊಟ್ಟವರು. ಅರವತ್ತರ ದಶಕದ ಆರಂಭದಲ್ಲಿ ಅವರು ಕೊಡಗಿನ ಫುಟ್‌ಬಾಲ್ ಆಟಗಾರ. ಅನಂತರ ಹಾಕಿಗೆ ಹೊರಳಿ ಸರ್ವಿಸಸ್ ತಂಡದ ಆಧಾರಸ್ತಂಭವಾದರು. ಕೊಡಗಿನ ಮನೆಗಳಿಗೂ ಸೇನೆಗೂ ಇದ್ದ ನಂಟನ್ನು ಬಲ್ಲವರಿಗೆ ಈ ದಾರಿ ಹೊಸದಲ್ಲ; ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ನಾಡಿನಲ್ಲಿ ಸಮವಸ್ತ್ರ ಮತ್ತು ಹಾಕಿ ದಾಂಡು ಜೊತೆಜೊತೆಗೇ ಬಂದವು. ಬೆಂಗಳೂರಿನ ಹಾಕಿ ಕ್ರೀಡಾಂಗಣಕ್ಕೆ ಕಾರ್ಯಪ್ಪನವರ ಹೆಸರೂ ಮಡಿಕೇರಿಯ ಕ್ರೀಡಾಂಗಣಕ್ಕೆ ತಿಮ್ಮಯ್ಯನವರ ಹೆಸರೂ ಇರುವುದು ಆಕಸ್ಮಿಕವೇನಲ್ಲ.

1971ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಮೊದಲ ವಿಶ್ವಕಪ್‌ನಲ್ಲಿ ಕಂಚು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮತ್ತೊಂದು ಕಂಚು ಗೆದ್ದ ತಂಡಗಳಲ್ಲಿ ಗಣೇಶ್ ಇದ್ದರು. 1973ರಲ್ಲಿ ಹಾಲೆಂಡಿನ ಆಮ್‌ಸ್ಟೆಲ್‌ವೀನ್‌ನಲ್ಲಿ ನಡೆದ ಎರಡನೆಯ ವಿಶ್ವಕಪ್‌ಗೆ ಅವರೇ ನಾಯಕರು. ಅದೇ ವರ್ಷ ಅರ್ಜುನ ಪ್ರಶಸ್ತಿ ಬಂತು. ಮುಂದೆ ಅವರು ರಾಷ್ಟ್ರೀಯ ತಂಡದ ತರಬೇತುದಾರರಾದರು. ಪದ್ಮಶ್ರೀ ಬಂದದ್ದು 2020ರಲ್ಲಿ, ಆಮ್‌ಸ್ಟೆಲ್‌ವೀನ್ ಪಂದ್ಯವಾಗಿ 47 ವರ್ಷಗಳ ಮೇಲೆ.

ಆ ಒಂದು ಪೆನಾಲ್ಟಿ ಸ್ಟ್ರೋಕ್

1973ರ ಆ ವಿಶ್ವಕಪ್ ಕೊಡಗಿನ ಪಾಲಿಗೆ ಗೆಲುವಿಗಿಂತ ಹೆಚ್ಚು ನೆನಪಿನಲ್ಲಿ ಉಳಿದ ಸೋಲು. ಸೆಮಿಫೈನಲ್‌ನಲ್ಲಿ ಪಾಕಿಸ್ತಾನವನ್ನು 1-0ರಿಂದ ಮಣಿಸಿದ ಭಾರತ ಫೈನಲ್‌ನಲ್ಲಿ ಆತಿಥೇಯ ಹಾಲೆಂಡ್ ವಿರುದ್ಧ ಆರಂಭದಲ್ಲೇ ಸುರ್ಜಿತ್ ಸಿಂಗ್ ಅವರ ಎರಡು ಗೋಲುಗಳಿಂದ ಮುನ್ನಡೆ ಪಡೆಯಿತು. ಡಚ್ಚರು ಸಮ ಮಾಡಿಕೊಂಡರು. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಮೊದಲು ಗೋಲು ಹೊಡೆದವರಿಗೇ ಕಪ್ ಎಂಬ ಹಂತವೂ ಬಂತು. ಆಗ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ದೊರೆಯಿತು. ಚೆಂಡಿನ ಮುಂದೆ ನಿಂತವರು ಸೋಮವಾರಪೇಟೆಯ ಬಿ.ಪಿ. ಗೋವಿಂದ. ಗೋಲು ಆಗಲಿಲ್ಲ. ಕೊನೆಗೆ ಸ್ಟ್ರೋಕ್‌ಗಳ ಸರದಿಯಲ್ಲಿ ಹಾಲೆಂಡ್ 4-2ರಿಂದ ಗೆದ್ದು ಕಪ್ ಎತ್ತಿತು.

ನಾಯಕ ಕೊಡಗಿನವರು, ಸ್ಟ್ರೋಕ್ ಹೊಡೆದವರೂ ಕೊಡಗಿನವರು. ವಿಶ್ವಕಪ್‌ಗೆ ಜಿಲ್ಲೆ ಅಷ್ಟು ಹತ್ತಿರ ಹೋಗಿ ಕೈ ಚೆಲ್ಲಿದ್ದು ಅದೊಂದೇ ಸಲ. ಆದರೆ ಬಿಲ್ಲಿಮೊಗ್ಗ ಪುಟ್ಟಸ್ವಾಮಿ ಗೋವಿಂದ ಅವರನ್ನು ಆ ಒಂದು ಹೊಡೆತಕ್ಕೆ ಕಟ್ಟಿಹಾಕುವುದು ಅನ್ಯಾಯ. ಅಂದಿಗೆ ಅವರ ವಯಸ್ಸು ಕೇವಲ 22. ವೇಗಕ್ಕೆ ಹೆಸರಾಗಿದ್ದ ಈ ಮುನ್ಪಡೆ ಆಟಗಾರ ಅದಕ್ಕೆ ಮುಂಚೆಯೇ ಮ್ಯೂನಿಕ್‌ನಲ್ಲಿ ಕಂಚು ಗೆದ್ದಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ, 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಭಾರತ ವಿಶ್ವಕಪ್ ಗೆದ್ದಾಗ ಗೋವಿಂದ ಆ ತಂಡದಲ್ಲಿದ್ದರು. ಭಾರತದ ಪುರುಷರ ತಂಡ ಈವರೆಗೆ ಗೆದ್ದಿರುವ ಏಕೈಕ ಹಾಕಿ ವಿಶ್ವಕಪ್ ಅದು. ಅದೇ ತಂಡದಲ್ಲಿದ್ದ ಕೊಡಗಿನ ಇನ್ನೊಬ್ಬರು ಪಿ.ಇ. ಕಾಳಯ್ಯ. ಅಜಿತ್‌ಪಾಲ್, ಅಶೋಕ್ ಕುಮಾರ್, ಅಸ್ಲಂ ಶೇರ್ ಖಾನ್ ಮೊದಲಾದವರ ನಡುವೆ ಅವರ ಹೆಸರು ಇಂದಿನ ಓದುಗರಿಗೆ ಅಷ್ಟಾಗಿ ಕೇಳಿಬರುವುದಿಲ್ಲ.

ಗೋವಿಂದ ಅವರ ಹೆಸರು ಇನ್ನೊಂದು ವಿಷಯವನ್ನೂ ನೆನಪಿಸುತ್ತದೆ. ಕೊಡಗಿನ ಹಾಕಿ ಎಂದರೆ ದಕ್ಷಿಣ ಕೊಡಗಿನ ಕೊಡವ ಮನೆತನಗಳ ಹಾಕಿ ಮಾತ್ರ ಎಂಬ ಭಾವನೆ ಹೊರಗಿನವರಲ್ಲಿದೆ. ಉತ್ತರದ ಸೋಮವಾರಪೇಟೆ ಅದನ್ನು ಮತ್ತೆ ಮತ್ತೆ ಸುಳ್ಳು ಮಾಡಿದೆ. ಗೋವಿಂದ ಅವರ ನಂತರ ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಬಂದದ್ದೂ ಅದೇ ಊರಿನಿಂದ.

ಹುಲ್ಲು ಹೋಗಿ ಟರ್ಫ್ ಬಂತು

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿಸಲಾಯಿತು. ವಿಶ್ವ ಚಾಂಪಿಯನ್ ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. ಗೋವಿಂದ ಆ ತಂಡದಲ್ಲೂ ಇದ್ದರು. ಉಬ್ಬುತಗ್ಗಿನ ಮೈದಾನದಲ್ಲಿ ಚೆಂಡನ್ನು ದಾಂಡಿಗೆ ಅಂಟಿಸಿಕೊಂಡು ಓಡುವ ಕೈಚಳಕಕ್ಕೆ ಟರ್ಫ್ ಮೇಲೆ ಮೊದಲಿನ ಬೆಲೆ ಉಳಿಯಲಿಲ್ಲ. ಚೆಂಡು ಜಾರಿದಂತೆ ಓಡುವಲ್ಲಿ ಬೇಕಾದದ್ದು ದಮ್ಮು, ನೇರ ಪಾಸು ಮತ್ತು ನಿತ್ಯ ಅಂಥದ್ದೇ ಅಂಗಣದಲ್ಲಿ ಅಭ್ಯಾಸ. ಕೊಡಗಿಗೆ ಟರ್ಫ್ ಬಂದದ್ದು ಬಹಳ ತಡವಾಗಿ.

ಈ ಬದಲಾವಣೆಯ ನಡುವೆ ಬೆಳೆದವರು ಸೋಮಯ್ಯ. ಅವರು ಕಲಿತದ್ದೂ ಬೆಳೆದದ್ದೂ ಬಾಂಬೆಯಲ್ಲಿ. 1980ರ ಮಾಸ್ಕೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ಪೇನ್ ತಂಡವನ್ನು 4-3ರಿಂದ ಮಣಿಸಿ ಚಿನ್ನ ಗೆದ್ದ ತಂಡದ ಹಾಫ್ ಬ್ಯಾಕ್ ಅವರು. 1984ರಲ್ಲಿ ಲಾಸ್ ಏಂಜಲಿಸ್‌ಗೆ ಹೋದರು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ಮುನ್ನಡೆಸಿದರು. ಗೋಲು ಹೊಡೆದವರ ಹೆಸರು ತಲೆಬರಹವಾಗುತ್ತದೆ. ಎದುರಾಳಿಯ ದಾಳಿ ಮುರಿದು ಚೆಂಡನ್ನು ಮುಂದಕ್ಕೆ ದಾಟಿಸುವ ಹಾಫ್ ಬ್ಯಾಕ್‌ನ ಕೆಲಸ ಮೈದಾನದ ಅಂಚಿನಲ್ಲಿ ಕುಳಿತವರಿಗಷ್ಟೇ ಗೊತ್ತು. ಸೋಮಯ್ಯ ಅವರಿಗೆ ಸಲ್ಲಬೇಕಾದಷ್ಟು ಕೀರ್ತಿ ಸಲ್ಲದಿರಲು ಇದೂ ಒಂದು ಕಾರಣವಿರಬಹುದು.

1992ರ ಬಾರ್ಸಿಲೋನಾ ಒಲಿಂಪಿಕ್ಸ್ ದಾಖಲೆಯಲ್ಲಿ ಮನೆ ಹೆಸರುಗಳು ಪೂರ್ಣರೂಪದಲ್ಲೇ ಕಾಣಿಸಿಕೊಂಡವು: ಅಂಜಪರವಂಡ ಸುಬ್ಬಯ್ಯ, ಚೆಪ್ಪುಡೀರ ಪೂಣಚ್ಚ. ಗೋಲ್‌ಕೀಪರ್ ಸುಬ್ಬಯ್ಯ 1996ರಲ್ಲಿ ಅಟ್ಲಾಂಟಾಕ್ಕೂ ಹೋದರು.

ಮನೆಯೇ ತಂಡವಾದಾಗ

ಕ್ಲಬ್ ಇಲ್ಲದ ಕೊರತೆಯನ್ನು ಕೊಡಗು ತುಂಬಿಕೊಂಡ ಬಗೆ ವಿಶಿಷ್ಟವಾದದ್ದು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಒಂದು ಒಕ್ಕದವರೆಲ್ಲ ಸೇರಿ ಒಂದು ತಂಡ. ಒಕ್ಕದ ಹೆಸರೇ ತಂಡದ ಹೆಸರು. ಹೆಣ್ಣು ಮಕ್ಕಳೂ ಗಂಡಸರ ಜೊತೆ ಅದೇ ತಂಡದಲ್ಲಿ ಆಡಬಹುದು. ಪ್ರತಿ ವರ್ಷ ಬೇರೊಂದು ಮನೆತನ ಆತಿಥ್ಯ ವಹಿಸುತ್ತದೆ, ಕಪ್‌ಗೆ ಆ ಮನೆತನದ ಹೆಸರು. ಸ್ಕೋರು ಪಟ್ಟಿಯಲ್ಲಿ ಒಂದಕ್ಷರಕ್ಕೆ ಕುಗ್ಗಿದ್ದ ಮನೆ ಹೆಸರು ಇಲ್ಲಿ ಜೆರ್ಸಿಯ ಮೇಲೆ ಪೂರ್ತಿಯಾಗಿ ಬಂತು.

ಮೊದಲ ವರ್ಷ ಸೇರಿದ್ದು 60 ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳು ಪಾಲ್ಗೊಂಡು ಗಿನ್ನೆಸ್ ದಾಖಲೆ ಸೇರಿದವು. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್‌ಗೆ ಹೆಸರು ನೋಂದಾಯಿಸಿದ ಕುಟುಂಬಗಳು 396.

ಆದರೆ ರಾಷ್ಟ್ರೀಯ ತಂಡದ ಲೆಕ್ಕ ಬೇರೆ. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ 16 ಮಂದಿಯಲ್ಲಿ ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ, ಎಸ್.ವಿ. ಸುನಿಲ್ ಹೀಗೆ ನಾಲ್ವರು ಕೊಡಗಿನವರಿದ್ದರು. ಭಾರತ 41 ವರ್ಷಗಳ ಬಳಿಕ ಪದಕ ಕಂಡ ಟೋಕಿಯೊ ತಂಡದಲ್ಲಿ ಜಿಲ್ಲೆಯ ಒಬ್ಬರೂ ಇರಲಿಲ್ಲ. 2024ರ ಪ್ಯಾರಿಸ್ ತಂಡದಲ್ಲೂ ಇರಲಿಲ್ಲ. ಬೇಸಿಗೆಯ ಹಾಕಿ ನಮ್ಮೆಗೆ ಸಾವಿರಾರು ಮಂದಿ ಸೇರುವ ಜಿಲ್ಲೆಯಿಂದ ಎರಡು ಒಲಿಂಪಿಕ್ಸ್‌ಗೆ ಒಬ್ಬ ಆಟಗಾರನೂ ಆಯ್ಕೆಯಾಗದಿರುವುದು ಹಿರಿಯ ಆಟಗಾರರ ಮಾತಿಗೆ ಆಗಾಗ ವಸ್ತುವಾಗುತ್ತಿದೆ. ಅತಿ ಹೆಚ್ಚು ಜನ ನೋಡುವ ಈ ಪಂದ್ಯಾವಳಿ ಗಣೇಶ್, ಗೋವಿಂದ ಕಲಿತಂಥ ನೆಲದ ಮೇಲೆಯೇ ನಡೆದು ಬಂದಿದೆ. ಆಯ್ಕೆ ನಡೆಯುವುದು ಟರ್ಫ್ ಮೇಲೆ.