ಅಮೃತಮಹಲ್ ತಳಿ ಮತ್ತು ಕಾವಲುಗಳು

ಅಮೃತಮಹಲ್ ಕರ್ನಾಟಕದ ಪಾರಂಪರಿಕ ಗೋತಳಿಯಾಗಿದೆ. ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ (1673–1704) 'ಬೆಣ್ಣೆ ಚಾವಡಿ' ಎನಿಸಿಕೊಂಡಿದ್ದ ರಾಸುಗಳ ಇಲಾಖೆಗೆ ಟಿಪ್ಪು ಸುಲ್ತಾನನು 'ಅಮೃತಮಹಲ್' ಎಂದು ಹೆಸರಿಟ್ಟನು. ವೇಗಕ್ಕೂ ಸಹನಶಕ್ತಿಗೂ ಹೆಸರಾದ ಈ ಎತ್ತುಗಳನ್ನು ಸೈನ್ಯದ ಸಾಗಣೆಗೆ ಬಳಸಲಾಗುತ್ತಿತ್ತು.

ಈ ರಾಸುಗಳು ಕೊಟ್ಟಿಗೆಯಲ್ಲಿ ಬೆಳೆದವುಗಳಲ್ಲ. 'ಕಾವಲು' ಎಂದು ಕರೆಯಲಾಗುವ ವಿಶಾಲ ಹುಲ್ಲುಗಾವಲುಗಳಲ್ಲಿ ಮೇದು ಬೆಳೆದವು. ಬೇಸಿಗೆ, ಮಳೆಗಾಲ ಹಾಗೂ ಚಳಿಗಾಲಗಳಿಗೆ ಪ್ರತ್ಯೇಕ ಕಾವಲುಗಳಿದ್ದು, ಹಿಂಡುಗಳನ್ನು ಋತುಮಾನಕ್ಕನುಸಾರವಾಗಿ ಸ್ಥಳಾಂತರಿಸಲಾಗುತ್ತಿತ್ತು. ಇದರಿಂದ ಮೇದ ಹುಲ್ಲು ಪುನಃ ಚಿಗುರಲು ಅವಕಾಶ ದೊರೆಯುತ್ತಿತ್ತು.

ಕಾಲಕ್ರಮೇಣ ಕಾವಲು ಭೂಮಿಯು ಸಾಗುವಳಿ ಮತ್ತಿತರ ಉದ್ದೇಶಗಳಿಗೆ ಬಳಕೆಯಾಗಿ ಕುಗ್ಗಿದೆ. ಉಳುಮೆಗೆ ಯಂತ್ರಗಳು ಬಂದುದರಿಂದ ಎತ್ತುಗಳಿಗೆ ಬೇಡಿಕೆ ಇಳಿದಿದೆ. ಹಸುಗಳ ಹಾಲಿನ ಇಳುವರಿಯೂ ಅಲ್ಪ. ಮೇವು ಕೊಂಡು ಸಾಕುವುದು ರೈತ ಕುಟುಂಬಕ್ಕೆ ಹೊರೆಯಾಗುವುದರಿಂದ, ತಳಿಯ ಉಳಿವು ಕಾವಲುಗಳ ಉಳಿವನ್ನೇ ಅವಲಂಬಿಸಿದೆ. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನಾ ಕೇಂದ್ರವಿದೆ.