ಸಂತ ಅಲೋಶಿಯಸ್ ಚಾಪೆಲ್‌ನ ವರ್ಣಚಿತ್ರಗಳು
ಸಂತ ಅಲೋಶಿಯಸ್ ಚಾಪೆಲ್‌ನ ವರ್ಣಚಿತ್ರಗಳು ಮಂಗಳೂರಿನ ಲೈಟ್‌ಹೌಸ್ ಗುಡ್ಡದ ಮೇಲಿರುವ ಪ್ರಾರ್ಥನಾ ಮಂದಿರದ ಗೋಡೆ ಹಾಗೂ ಛಾವಣಿಗಳನ್ನು ಆವರಿಸಿವೆ. 1880ರ ದಶಕದಲ್ಲಿ ನಿರ್ಮಾಣಗೊಂಡ ಈ ಮಂದಿರದಲ್ಲಿ ಇಟಲಿಯ ಜೆಸ್ಯೂಟ್ ಕಲಾವಿದ ಆಂಟೋನಿಯೊ ಮೋಸ್ಕೇನಿ (1854–1905) ಇವುಗಳನ್ನು ರಚಿಸಿದರು.

ಗೋಡೆಯ ಚಿತ್ರಗಳು ರಿನೈಸಾನ್ಸ್ ಕಾಲದ ಇಟಲಿಯಲ್ಲಿ ಪ್ರಸಿದ್ಧವಾಗಿದ್ದ ಫ್ರೆಸ್ಕೊ ವಿಧಾನದವು. ಹಸಿ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕಾದ್ದರಿಂದ ಈ ವಿಧಾನದಲ್ಲಿ ತಿದ್ದುಪಡಿಗೆ ಅವಕಾಶ ಕಡಿಮೆ. ಛಾವಣಿಯಲ್ಲಿರುವುದು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ರೋಮ್‌ನಲ್ಲಿ ಪ್ಲೇಗ್ ಪೀಡಿತರ ಶುಶ್ರೂಷೆ ಮಾಡುವಾಗ ಸೋಂಕು ತಗುಲಿ, 1591ರಲ್ಲಿ ತಮ್ಮ 23ನೆಯ ವಯಸ್ಸಿನಲ್ಲಿ ನಿಧನರಾದ ಸಂತ ಅಲೋಶಿಯಸ್ ಗೊನ್ಜಾಗರ ಜೀವನ ಅವುಗಳ ಪ್ರಮುಖ ವಸ್ತು.

ಬರೋಕ್ ಪರಂಪರೆಯಲ್ಲಿರುವಂತೆ ಇಲ್ಲಿಯೂ ನೆರಳು-ಬೆಳಕಿನ ಪ್ರಯೋಗದಿಂದ ಸಮತಲದ ಮೇಲೆ ಉಬ್ಬುಕೆತ್ತನೆಯ ಭ್ರಮೆ ಮೂಡಿಸಲಾಗಿದೆ. ಕರಾವಳಿಯ ತೇವಾಂಶ ಇಂತಹ ಭಿತ್ತಿಚಿತ್ರಗಳಿಗೆ ಹಾನಿಕಾರಕವಾದುದರಿಂದ ನಿರಂತರ ಸಂರಕ್ಷಣೆ ಅಗತ್ಯ. 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯು ಇವುಗಳ ಜೀರ್ಣೋದ್ಧಾರ ಕಾರ್ಯವನ್ನು ಕೈಗೊಂಡಿತು.