ಬೇಲಿಗೆ ಮುಂಚಿನ ಹೆಲ್ಪ್‌ಸ್ಟನ್

ಇಂಗ್ಲೆಂಡಿನ ಪೂರ್ವಭಾಗದಲ್ಲಿ, ಸ್ಟ್ಯಾಮ್‌ಫರ್ಡ್ ಮತ್ತು ಪೀಟರ್‌ಬರೋ ಪಟ್ಟಣಗಳ ನಡುವೆ ಹೆಲ್ಪ್‌ಸ್ಟನ್ ಎಂಬ ಹಳ್ಳಿಯಿದೆ. 1820ನೇ ಇಸವಿಯಲ್ಲಿ ಈ ಊರಿನ ಬಗ್ಗೆ ಎರಡು ಬರಹಗಳು ಹೊರಬಿದ್ದವು. ಒಂದು, ಊರಿನ ಬಯಲು ಹೊಲಗಳನ್ನೂ ಗೋಮಾಳವನ್ನೂ ಹಂಚಿ ಬೇಲಿ ಹಾಕಿಸುವುದಕ್ಕೆ ಸಂಸತ್ತಿನ ಕಾಯಿದೆಯಂತೆ ನೇಮಕವಾಗಿದ್ದ ಕಮಿಷನರುಗಳ ಅಂತಿಮ ತೀರ್ಪು. ಇನ್ನೊಂದು, ಅದೇ ಊರಿನ ಕೂಲಿಯವನೊಬ್ಬ ಬರೆದ ಕವನಗಳ ಪುಸ್ತಕ. ತೀರ್ಪಿನಲ್ಲಿ ಯಾವ ಜಮೀನು ಯಾರ ಪಾಲಿಗೆ, ಎಷ್ಟು ಎಕರೆ, ರಸ್ತೆ ಎಲ್ಲಿ ಹಾಯಬೇಕು ಎಂಬುದೆಲ್ಲ ಇದೆ. ಪುಸ್ತಕದಲ್ಲಿ ಆ ಜಮೀನಿನ ಮೇಲೆ ಓಡಾಡಿ ಬೆಳೆದ ಹುಡುಗನ ನೆನಪಿದೆ. ಊರ ಚರಿತ್ರೆ ಬರೆಯುವವರಿಗೆ ಎರಡೂ ಬೇಕು. ಒಂದನ್ನಷ್ಟೇ ಉಳಿಸಿಕೊಳ್ಳಿ ಎಂದರೆ ನಾನು ಎರಡನೆಯದಕ್ಕೇ ಕೈ ಚಾಚುತ್ತೇನೆ. ತೀರ್ಪಿನಲ್ಲಿ ಹೆಸರೇ ಕಾಣದ ಜನ ಅಲ್ಲಿ ಬದುಕಿದ್ದಾರೆ.

ಆ ಕೂಲಿಯವನ ಹೆಸರು ಜಾನ್ ಕ್ಲೇರ್. ಹುಟ್ಟಿದ್ದು 1793ರ ಜುಲೈ 13ರಂದು. ಅವಳಿಯಾಗಿ ಹುಟ್ಟಿದ ಹೆಣ್ಣುಮಗು ಉಳಿಯಲಿಲ್ಲ. ಅಪ್ಪ ಪಾರ್ಕರ್ ಕ್ಲೇರ್ ಕಾಳು ಬಡಿಯುವ ಕೂಲಿ. ಓದು ಅಷ್ಟಕ್ಕಷ್ಟೇ, ಆದರೆ ಹಳೆಯ ಹಾಡುಗಳು ನೂರಾರು ಬಾಯಿಗೆ ಬರುತ್ತಿದ್ದವು. ಜಾತ್ರೆಗಳಲ್ಲಿ ಕುಸ್ತಿಯನ್ನೂ ಆಡುತ್ತಿದ್ದ. ಅಮ್ಮನಿಗೆ ಅಕ್ಷರ ಗೊತ್ತಿರಲಿಲ್ಲ, ಆದರೂ ಮಗ ಓದಬೇಕೆಂಬ ಹಟವಿತ್ತು. ಅವರಿದ್ದ ಗುಡಿಸಲು ಬ್ಲೂ ಬೆಲ್ ಎಂಬ ಹೆಂಡದಂಗಡಿಯ ಮಗ್ಗುಲಲ್ಲಿತ್ತು. ಹಿತ್ತಲಲ್ಲಿ ಒಂದು ಸೇಬಿನ ಮರ. ಅದು ಚೆನ್ನಾಗಿ ಫಲ ಬಿಟ್ಟ ವರ್ಷ ಹಣ್ಣು ಮಾರಿದ ದುಡ್ಡೇ ಮನೆಬಾಡಿಗೆಗೆ ಆಗುತ್ತಿತ್ತು. ಮಗನ ಕೈಗೆ ಹಗುರಾಗಲೆಂದು ಅಪ್ಪ ಚಿಕ್ಕದೊಂದು ಬಡಿಗೋಲನ್ನು ಮಾಡಿಕೊಟ್ಟಿದ್ದ. ಚಳಿಗಾಲದಲ್ಲಿ ಕಣಜದ ಮನೆಯೊಳಗೆ ಅಪ್ಪನ ಪಕ್ಕದಲ್ಲಿ ನಿಂತು ಹುಡುಗನೂ ತೆನೆ ಬಡಿಯುತ್ತಿದ್ದ. ಕೆಲಸ ಕಡಿಮೆಯಿದ್ದ ತಿಂಗಳುಗಳಲ್ಲಿ ಪಕ್ಕದ ಗ್ಲಿಂಟನ್ ಊರಿನ ಚರ್ಚಿನಲ್ಲಿ ನಡೆಯುತ್ತಿದ್ದ ಶಾಲೆಗೆ ಹೋಗುತ್ತಿದ್ದ. ಹನ್ನೆರಡು ವರ್ಷದ ಹೊತ್ತಿಗೆ ಆ ಓದೂ ಮುಗಿಯಿತು.

ಹೆಲ್ಪ್‌ಸ್ಟನ್ ನಿಂತಿರುವ ಜಾಗವೇ ವಿಶೇಷ. ಊರಿನ ದಕ್ಷಿಣಕ್ಕೆ ಸುಣ್ಣಕಲ್ಲಿನ ಏರುನೆಲ, ಅಲ್ಲಲ್ಲಿ ಕಾಡು, ಹಳದಿ ಹೂ ಬಿಡುವ ಮುಳ್ಳುಪೊದೆಗಳ ಕುರುಚಲು. ಉತ್ತರಕ್ಕೂ ಪೂರ್ವಕ್ಕೂ ಫೆನ್ ಎಂದು ಕರೆಯುವ ಜೌಗುನೆಲ. ಅಲ್ಲಿ ನೋಟಕ್ಕೆ ಅಡ್ಡವೇ ಇಲ್ಲ, ಗ್ಲಿಂಟನ್ ಚರ್ಚಿನ ಮೊನೆಗೋಪುರ ದೂರದಿಂದಲೇ ಕಾಣುತ್ತದೆ. ರೋಮನ್ನರು ಹಾಕಿದ ಕಿಂಗ್ ಸ್ಟ್ರೀಟ್ ಎಂಬ ರಸ್ತೆ ಊರ ಅಂಚಿನಲ್ಲೇ ಹಾಯುತ್ತದೆ. ವೆಲ್ಯಾಂಡ್ ನದಿ ಉಕ್ಕಿದಾಗ ಆ ನೀರು ದಾಟಲು ಕಟ್ಟಿದ ಕಮಾನುಗಳಿಗೆ ಲೋಲಮ್ ಸೇತುವೆಗಳೆಂದು ಹೆಸರು. ಇನ್ನೊಂದು ದಿಕ್ಕಿನಲ್ಲಿ ವುಡ್‌ಕ್ರಾಫ್ಟ್ ಕೋಟೆಮನೆ. ಅಂತರ್ಯುದ್ಧದ ಕಾಲದಲ್ಲಿ, 1648ರಲ್ಲಿ, ರಾಜನ ಪಕ್ಷದ ಪಾದ್ರಿ ಮೈಕೆಲ್ ಹಡ್ಸನ್ ಅಲ್ಲಿ ಸಂಸತ್ತಿನ ಸೈನಿಕರ ಕೈಗೆ ಸಿಕ್ಕಿ ಸತ್ತ. ಗೋಡೆಯಂಚು ಹಿಡಿದು ಜೋತಾಡುತ್ತಿದ್ದವನ ಕೈಯನ್ನೇ ಕಡಿದರು ಎಂದು ಊರವರು ಹೇಳುತ್ತ ಬಂದರು. ಇಂಥ ಕಥೆ ಕೇಳಿ ಬೆಳೆದ ಹುಡುಗನಿಗೆ ಕತ್ತಲೆಂದರೆ ನಡುಕ. ಬ್ಲೂ ಬೆಲ್‌ನಲ್ಲಿ ಕೆಲಸಕ್ಕಿದ್ದಾಗ ವಾರಕ್ಕೊಮ್ಮೆ ಮ್ಯಾಕ್ಸಿ ಎಂಬ ಊರಿಗೆ ಹೋಗಿ ಹಿಟ್ಟು ತರಬೇಕಿತ್ತು. ದಾರಿಯಲ್ಲಿ ದೆವ್ವದ ಭಯ ತಡೆಯಲು ನನಗೆ ನಾನೇ ಕಥೆ ಕಟ್ಟಿಕೊಳ್ಳುತ್ತ ನಡೆಯುತ್ತಿದ್ದೆ ಎಂದು ಮುಂದೆ ಬರೆದುಕೊಂಡಿದ್ದಾನೆ.

ಆಗಿನ ಹೆಲ್ಪ್‌ಸ್ಟನ್ನಿನಲ್ಲಿ ಹೊಲಗಳಿಗೆ ಬೇಲಿ ಇರಲಿಲ್ಲ. ಲೋಲಮ್ ಸೇತುವೆ ಹೊಲ, ಹೀತ್ ಹೊಲ, ವುಡ್‌ಕ್ರಾಫ್ಟ್ ಹೊಲ ಎಂದು ಮೂರು ದೊಡ್ಡ ಬಯಲುಗಳು ಊರನ್ನು ಸುತ್ತಿಕೊಂಡಿದ್ದವು. ಒಂದೊಂದು ಬಯಲಿನಲ್ಲೂ ಉದ್ದುದ್ದದ ಪಟ್ಟಿಗಳು. ಒಬ್ಬ ರೈತನ ಪಟ್ಟಿಗಳು ಒಂದೇ ಕಡೆ ಇರದೆ ಮೂರೂ ಬಯಲುಗಳಲ್ಲಿ ಹರಡಿರುತ್ತಿದ್ದವು. ಸರದಿಯ ಮೇಲೆ ಒಂದು ಬಯಲನ್ನು ಬೀಳು ಬಿಡುತ್ತಿದ್ದರು. ಯಾವಾಗ ಉಳುವುದು, ಯಾವಾಗ ದನ ಬಿಡುವುದು ಎಂಬುದನ್ನು ಊರೇ ಕೂಡಿ ತೀರ್ಮಾನಿಸುತ್ತಿತ್ತು. ಸುಗ್ಗಿ ಮುಗಿದ ಮೇಲೆ ಬಡವರ ಹೆಂಗಸರು, ಮಕ್ಕಳು ಹಕ್ಕಲು ಆಯಲು ಇಳಿಯುತ್ತಿದ್ದರು. ಬಯಲಿನಾಚೆಗೆ ಗೋಮಾಳ, ಕುರುಚಲು, ಜೌಗು. ದನ, ಕುರಿ, ಬಾತು ಮೇಯುವುದು ಅಲ್ಲಿ. ಒಲೆಗೆ ಪುಳ್ಳೆ ಸಿಗುವುದೂ ಅಲ್ಲಿ. ಜಮೀನಿಲ್ಲದವನಿಗೂ ಕಾಲಾಡಿಸಲು ಜಾಗವಿತ್ತು. ಜಾನ್ ಬ್ಯಾರೆಲ್ ಎಂಬ ವಿದ್ವಾಂಸರು 1972ರ ತಮ್ಮ ಪುಸ್ತಕದಲ್ಲಿ ಈ ಊರಿನ ನಕ್ಷೆಯನ್ನು ಕೂಲಂಕಷವಾಗಿ ನೋಡಿದ್ದಾರೆ. ಬೇಲಿಗೆ ಮುಂಚಿನ ಊರು ತನ್ನ ಸುತ್ತ ತಾನೇ ತಿರುಗುವಂಥದು, ದಾರಿಗಳೆಲ್ಲ ಊರಿನಿಂದ ಹೊಲಕ್ಕೆ ಹೋಗಿ ಮರಳುವಂಥವು ಎನ್ನುವ ಅವರ ಮಾತಿನಲ್ಲಿ ನನಗೆ ಪೂರ್ಣ ನಂಬಿಕೆ. ಕ್ಲೇರ್‌ನ ಬಾಲ್ಯದ ಒಂದು ಪ್ರಸಂಗವೇ ಅದಕ್ಕೆ ಸಾಕ್ಷಿ.

ಊರಿನ ದಕ್ಷಿಣಕ್ಕೆ ಎಮನ್‌ಸೇಲ್ಸ್ ಎಂಬ ಕುರುಚಲು ಬಯಲು. ಆಕಾಶ ಅದರಂಚಿಗೆ ತಾಗಿದಂತೆ ಕಾಣುತ್ತಿತ್ತು. ಭೂಮಿ ಅಲ್ಲಿಗೆ ಮುಗಿಯುತ್ತದೆ, ಒಂದು ದಿನ ನಡೆದರೆ ತಲುಪಬಹುದು, ಅಂಚಿನಿಂದ ಬಗ್ಗಿ ನೋಡಬಹುದು ಎಂದುಕೊಂಡು ಪುಟ್ಟ ಹುಡುಗ ಒಂದು ಬೆಳಿಗ್ಗೆ ಹೊರಟುಬಿಟ್ಟ. ಮುಳ್ಳುಪೊದೆಗಳ ನಡುವೆ ನಡೆದೇ ನಡೆದ. ಸ್ವಲ್ಪ ದೂರ ಹೋದ ಮೇಲೆ ಹೂವು, ಹಕ್ಕಿಗಳಿಗೆ ತನ್ನ ಗುರುತೇ ಸಿಗುತ್ತಿಲ್ಲವೇನೋ ಅನ್ನಿಸಿತಂತೆ. ಸೂರ್ಯನೂ ಬೇರೆ ದಿಕ್ಕಿನಲ್ಲಿದ್ದಂತೆ ಕಂಡಿತಂತೆ. ಕತ್ತಲಾದ ಮೇಲೆ ಮನೆಗೆ ಬಂದರೆ ಅಪ್ಪ ಅಮ್ಮ ಕಂಗಾಲಾಗಿದ್ದರು, ಅರ್ಧ ಊರೇ ಅವನನ್ನು ಹುಡುಕುತ್ತಿತ್ತು. ಮಗುವಿಗೆ ಲೋಕವೆಂದರೆ ತನ್ನೂರಿನ ಗಡಿಯವರೆಗೆ ಎಂಬುದು ಎಲ್ಲ ದೇಶಕ್ಕೂ ಹೊಂದುವ ಮಾತು. ಆದರೆ ಆ ಹುಡುಗ ಇಡೀ ದಿನ ಒಂದು ಬೇಲಿಯೂ ಅಡ್ಡ ಬಾರದೆ ನಡೆದ ಎಂಬುದು ಮಾತ್ರ ಆ ಕಾಲದ, ಆ ಊರಿನ ಚರಿತ್ರೆ. ಹದಿನೈದು ವರ್ಷ ತಡವಾಗಿ ಹುಟ್ಟಿದ್ದರೆ ಅವನಿಗೆ ಈ ನೆನಪೇ ಇರುತ್ತಿರಲಿಲ್ಲ.

ಗೋಮಾಳದಲ್ಲಿ ಕುರಿ, ಬಾತು ಕಾಯುತ್ತಿದ್ದಾಗ ಅವನಿಗೆ ಸಿಕ್ಕ ಗುರು ಗ್ರ್ಯಾನಿ ಬೇನ್ಸ್ ಎಂಬ ಅಜ್ಜಿ. ಊರ ದನಗಳನ್ನು ಕಾಯುವುದು ಅವಳ ಕೆಲಸ. ಮಳೆ, ಗಾಳಿಯ ಲಕ್ಷಣ ಹೇಳುತ್ತಿದ್ದಳು, ಹಳೆಯ ಹಾಡುಗಳನ್ನು ಕಲಿಸುತ್ತಿದ್ದಳು. ಗೋಮಾಳ ಹೋದ ಊರಿನಲ್ಲಿ ಊರ ದನ ಕಾಯುವ ಅಜ್ಜಿಗೆ ಏನು ಕೆಲಸ? ಕ್ಲೇರ್ ಬರೆಯದೇ ಹೋಗಿದ್ದರೆ ಅವಳು ಇದ್ದಳೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಹೆಲ್ಪ್‌ಸ್ಟನ್ ಮತ್ತು ಅಕ್ಕಪಕ್ಕದ ಊರುಗಳಿಗೆ ಬೇಲಿ ಹಾಕುವ ಕಾಯಿದೆ ಬಂದದ್ದು 1809ರಲ್ಲಿ. ಇದು ಈ ಒಂದು ಮೂಲೆಯ ಕಥೆಯಲ್ಲ. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯಿದೆಗಳಾದವು. ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ನೆಲ ಅವುಗಳ ವ್ಯಾಪ್ತಿಗೆ ಬಂತು. ಮಾಡಿದವರಿಗೆ ಕಾರಣಗಳಿದ್ದವು. ನೆಪೋಲಿಯನ್ ಜೊತೆಗಿನ ಯುದ್ಧದಿಂದ ಗೋಧಿಯ ಬೆಲೆ ಏರಿತ್ತು. ಚದುರಿದ ಪಟ್ಟಿಗಳು ಒಂದುಗೂಡಿದರೆ ಹೊಸ ಬೆಳೆಸರದಿ ಅನುಸರಿಸಬಹುದು, ಗೇಣಿಯೂ ಹೆಚ್ಚುತ್ತದೆ ಎಂಬ ಲೆಕ್ಕವಿತ್ತು. ಕಾಗದದಲ್ಲಿ ಹಕ್ಕಿದ್ದವರಿಗೆ ಬದಲಿಗೆ ಜಮೀನು ಸಿಕ್ಕಿತು. ರೂಢಿಯಿಂದ ಮೇಯಿಸುತ್ತಿದ್ದವರಿಗೆ, ಪುಳ್ಳೆ ಆಯುತ್ತಿದ್ದವರಿಗೆ ಕಾಗದವಿರಲಿಲ್ಲ. ಸಣ್ಣ ಪಾಲು ಸಿಕ್ಕವನೂ ಅದಕ್ಕೆ ತಾನೇ ಖರ್ಚು ಮಾಡಿ ಬೇಲಿ ಹಾಕಿಸಬೇಕಾಗಿತ್ತು.

ಬೇಲಿ ನೆಡಲು ಆಳುಗಳು ಬೇಕಾಗಿದ್ದರು. ಹೊಟ್ಟೆಪಾಡಿಗಾಗಿ ಆ ತಂಡ ಸೇರಿದವರಲ್ಲಿ ಯುವಕ ಕ್ಲೇರ್ ಕೂಡ ಇದ್ದ. ತಾನು ಆಡಿ ಬೆಳೆದ ಬಯಲಿಗೆ ತನ್ನ ಕೈಯಾರೆ ಮುಳ್ಳುಗಿಡ ನೆಟ್ಟ. ಅವನ ಬದುಕಿನ ಯಾವ ಸಂಗತಿಯೂ ನನ್ನನ್ನು ಇಷ್ಟು ಕಲಕಿಲ್ಲ. ಅಪ್ಪನಿಗೆ ಆಗಲೇ ಕೀಲುನೋವು ಹಿಡಿದು ದುಡಿಯುವ ಶಕ್ತಿ ಕುಗ್ಗುತ್ತಿತ್ತು. ಸುಣ್ಣದ ಗೂಡಿರಲಿ, ಬೇಲಿಯಿರಲಿ, ಕರೆದ ಕೆಲಸಕ್ಕೆ ಹೋಗಲೇಬೇಕಿತ್ತು.

ಈ ನಡುವೆಯೇ ಬರವಣಿಗೆ. ಹದಿಮೂರರ ವಯಸ್ಸಿನಲ್ಲಿ ಜೇಮ್ಸ್ ಥಾಮ್ಸನ್ ಕವಿಯ ‘ದಿ ಸೀಸನ್ಸ್’ ಪುಸ್ತಕವನ್ನು ಸ್ಟ್ಯಾಮ್‌ಫರ್ಡಿನಲ್ಲಿ ಒಂದೂವರೆ ಷಿಲಿಂಗ್ ಕೊಟ್ಟು ಕೊಂಡ. ಮನೆ ತಲುಪುವವರೆಗೆ ತಾಳ್ಮೆ ಇರಲಿಲ್ಲ. ದಾರಿಬದಿಯಲ್ಲಿ ಕೂತು ಓದಿದರೆ ಜನ ನೋಡುತ್ತಾರೆಂದು ಬರ್ಲಿ ಉದ್ಯಾನದ ಗೋಡೆ ಹತ್ತಿ ಒಳಗೆ ಹಾರಿ ಹುಲ್ಲಿನ ಮೇಲೆ ಕೂತು ಓದಿದ. ಬರೆದ ಚೀಟಿಗಳನ್ನು ಮನೆಯ ಗೋಡೆಯ ಸಂದಿಯಲ್ಲಿ ಅಡಗಿಸಿಡುತ್ತಿದ್ದ. ಬೇಡದ ಕಾಗದವೆಂದು ಅಮ್ಮ ಅವನ್ನು ಒಲೆಗೆ ಬಳಸುತ್ತಿದ್ದಳು. 1820ರ ಜನವರಿಯಲ್ಲಿ ಲಂಡನ್ನಿನ ಪ್ರಕಾಶಕ ಜಾನ್ ಟೇಲರ್ ಮೊದಲ ಸಂಕಲನ ತಂದ. ಕವಿ ಕೀಟ್ಸ್‌ನ ಪುಸ್ತಕಗಳನ್ನು ಪ್ರಕಟಿಸಿದ್ದೂ ಇವನೇ. ಕ್ಲೇರ್‌ನ ಪುಸ್ತಕ ಒಂದು ವರ್ಷದಲ್ಲಿ ನಾಲ್ಕು ಮುದ್ರಣ ಕಂಡಿತು. ಅದರ ಮೊದಲ ಕವನ ಹುಟ್ಟೂರಿನ ಮೇಲೆಯೇ. ಊರನ್ನು ಹಾಳುಗೆಡವಿದ ಸಂಪತ್ತನ್ನು ಶಪಿಸುವ ಸಾಲುಗಳು ಅದರಲ್ಲಿದ್ದವು. ಲಾರ್ಡ್ ರ್‍ಯಾಡ್‌ಸ್ಟಾಕ್ ಎಂಬ ಪೋಷಕನಿಗೆ ಅವು ಹಿಡಿಸಲಿಲ್ಲ. ಮುಂದಿನ ಮುದ್ರಣಗಳಲ್ಲಿ ಅವನ್ನು ತೆಗೆದುಹಾಕಿದರು. ಕೂಲಿಯವನ ಬಾಲ್ಯದ ನೆನಪು ಓದುಗರಿಗೆ ಪ್ರಿಯವಾಗಿತ್ತು. ಆ ಬಾಲ್ಯದ ನೆಲ ಏನಾಯಿತು, ಯಾರಿಂದಾಯಿತು ಎಂದು ಅವನೇ ಹೇಳಹೊರಟರೆ ಕೇಳುವ ಮನಸ್ಸಿರಲಿಲ್ಲ.

ಅವನು ಮಾತ್ರ ಹೇಳುವುದನ್ನು ಬಿಡಲಿಲ್ಲ. ಬೇಲಿಯಿಂದ ಅಳಿದುಹೋದ ಒಂದೊಂದು ಜಾಗವನ್ನೂ ಹೆಸರಿಟ್ಟು ಕರೆದು ಬರೆದ. ಈಸ್ಟ್‌ವೆಲ್ ಎಂಬ ಊಟೆಯ ಬಳಿ ಬೇಸಿಗೆಯ ಹಬ್ಬದ ಭಾನುವಾರ ಊರಿನ ಹುಡುಗ ಹುಡುಗಿಯರು ಸೇರಿ, ಒಳ್ಳೆಯದಾಗಲೆಂದು ಸಕ್ಕರೆ ಹಾಕಿದ ನೀರು ಕುಡಿಯುವ ವಾಡಿಕೆಯಿತ್ತು; ಬೇಲಿ ಬಂದ ಮೇಲೆ ಅದು ನಿಂತಿತು. ಲ್ಯಾಂಗ್ಲಿ ಬುಷ್ ಎಂಬ ಹಳೆಯ ಮುಳ್ಳುಮರದ ಬುಡದಲ್ಲಿ ಹಿಂದೆ ನ್ಯಾಯಸಭೆ ಸೇರುತ್ತಿತ್ತು, ಜಿಪ್ಸಿಗಳು ಬೀಡು ಬಿಡುತ್ತಿದ್ದರು. ಪಿಟೀಲು ನುಡಿಸಲು ಕ್ಲೇರ್ ಕಲಿತದ್ದು ಆ ಜಿಪ್ಸಿಗಳಿಂದಲೇ. ಆ ಮರ ಹಿಂದಿನ ವರ್ಷ ನಾಶವಾಯಿತೆಂದು 1824ರ ದಿನಚರಿಯಲ್ಲಿ ಸಂಕಟದಿಂದ ಬರೆದಿದ್ದಾನೆ. ಸ್ವೋರ್ಡಿ ವೆಲ್ ಎಂಬ ಹಳೆಯ ಕಲ್ಲುಗಣಿ ರಸ್ತೆಗೆ ಜಲ್ಲಿ ತೆಗೆಯುವ ಜಾಗವಾಗಿ ಪ್ಯಾರಿಷ್ ಎಂಬ ಊರಾಡಳಿತದ ಪಾಲಾಯಿತು. ಒಂದು ಕವನದಲ್ಲಿ ಆ ನೆಲವೇ ಬಾಯಿಬಿಟ್ಟು ತನ್ನ ಅಳಲು ತೋಡಿಕೊಳ್ಳುತ್ತದೆ. ನನ್ನ ಮಟ್ಟಿಗೆ ಅವನ ಕವನಗಳಲ್ಲೆಲ್ಲ ಅದು ಬಹಳ ಗಟ್ಟಿಯಾದದ್ದು. ಪ್ಯಾರಿಷ್ ಬಡವರಿಗೆ ಕೊಡುವ ಸಹಾಯದ ಹಂಗಿಗೆ ಬಿದ್ದ ಮುದಿಕೂಲಿಯ ಅವಮಾನವನ್ನು ತನ್ನ ಮನೆಯಲ್ಲೇ ಕಂಡವನಿಗೆ ಮಾತ್ರ ಆ ನೆಲದ ದನಿ ಕೇಳಿಸಲು ಸಾಧ್ಯ.

ಬೇಲಿಯ ನಂತರ ಊರಿಗೆ ಬರಲಿದ್ದ ಬದಲಾವಣೆ ರೈಲು. 1825ರ ಜೂನ್ ತಿಂಗಳಲ್ಲಿ ರಾಯ್ಸ್ ವುಡ್ ಕಾಡಿನಂಚಿನಲ್ಲಿ ಮೂವರು ಅಪರಿಚಿತರು ಅಳತೆ ಹಿಡಿಯುತ್ತಿದ್ದುದನ್ನು ಅವನು ಕಂಡ. ಮ್ಯಾಂಚೆಸ್ಟರ್‌ನಿಂದ ಲಂಡನ್ನಿಗೆ ಕಬ್ಬಿಣದ ಹಳಿ ಹಾಕುವ ಯೋಜನೆಯಂತೆ. ಊರಿಗೆ ರೈಲು ಬಂದದ್ದು 1846ರಲ್ಲಿ. ನಿಲ್ದಾಣವನ್ನು 1966ರಲ್ಲಿ ಮುಚ್ಚಿದರು. ರೈಲುಗಳು ಈಗಲೂ ಊರ ಪಕ್ಕದಲ್ಲಿ ಧಾವಿಸುತ್ತವೆ.

ಕ್ಲೇರ್ 1832ರಲ್ಲಿ ಹೆಂಡತಿ ಮಕ್ಕಳೊಡನೆ ನಾರ್ತ್‌ಬರೋ ಎಂಬ ಊರಿಗೆ ಮನೆ ಬದಲಿಸಿದ. ದೂರ ಬರೀ ಮೂರು ಮೈಲಿ, ಸಿಕ್ಕ ಮನೆಯೂ ದೊಡ್ಡದು. ಆದರೂ ಬೇರು ಕಿತ್ತಂತಾಗಿ ಕಂಗೆಟ್ಟ. ಬೇರೆಯವರಿಗೆ ಇದು ವಿಚಿತ್ರವೆನಿಸಬಹುದು. ಗಿಡಗಂಟಿ, ಗೂಡು, ಗೇಟುಗಳೆಲ್ಲ ಹೆಸರು ಹಿಡಿದು ಗೊತ್ತಿದ್ದವನಿಗೆ ಮೂರು ಮೈಲಿ ಸಣ್ಣ ದೂರವಲ್ಲ. ಐದು ವರ್ಷದ ನಂತರ ಮನಸ್ಸು ಕದಡಿ ಎಸೆಕ್ಸಿನ ಹೈ ಬೀಚ್ ಆಸ್ಪತ್ರೆ ಸೇರಿದ. 1841ರ ಜುಲೈನಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಸುಮಾರು 80 ಮೈಲಿ ನಡೆದು, ದಾರಿಯಲ್ಲಿ ಹಸಿವಿಗೆ ಹುಲ್ಲು ತಿಂದು ಮನೆ ಸೇರಿದ. ಅದೇ ವರ್ಷದ ಕೊನೆಯಲ್ಲಿ ನಾರ್ಥಾಂಪ್ಟನ್ ಆಸ್ಪತ್ರೆಗೆ ಸೇರಿಸಿದರು. 1864ರ ಮೇ 20ರಂದು ಅಲ್ಲೇ ತೀರಿಕೊಂಡ. ದೇಹವನ್ನು ಮಾತ್ರ ಹೆಲ್ಪ್‌ಸ್ಟನ್ನಿನ ಸೇಂಟ್ ಬಾಟಲ್ಫ್ ಚರ್ಚಿನ ಅಂಗಳಕ್ಕೆ ತಂದರು.

ಈಗ ಊರು ಅವನನ್ನು ಮರೆತಿಲ್ಲ. ಗುಡಿಸಲನ್ನು 2005ರಲ್ಲಿ ಒಂದು ಟ್ರಸ್ಟ್ ಕೊಂಡು ಉಳಿಸಿತು. ಊರಿನ ಶಾಲೆಗೆ ಅವನದೇ ಹೆಸರು. ಹಿಂದೆ ಬೇಸಿಗೆಯಲ್ಲಿ ಹುಲ್ಲುಗಡ್ಡೆಯನ್ನು ಕತ್ತರಿಸಿ, ಅದಕ್ಕೆ ಹೊಲದ ಹೂಗಳನ್ನು ಚುಚ್ಚಿ ಮನೆಯಲ್ಲಿ ಅಲಂಕಾರಕ್ಕೆ ಇಡುತ್ತಿದ್ದರೆಂದು ಅವನು ಬರೆದಿದ್ದ. ‘ಮಿಡ್‌ಸಮರ್ ಕುಶನ್’ ಎಂದು ಅದರ ಹೆಸರು. ಶಾಲೆಯ ಮಕ್ಕಳು ಪ್ರತಿ ಜುಲೈನಲ್ಲಿ, ಅವನ ಹುಟ್ಟುಹಬ್ಬದ ಸುಮಾರಿಗೆ, ಅಂಥವನ್ನೇ ಮಾಡಿ ಸಮಾಧಿಯ ಸುತ್ತ ಜೋಡಿಸುತ್ತಾರೆ. ಊರಿನವನೇ ಬರೆದಿಟ್ಟದ್ದರಿಂದ ಒಂದು ವಾಡಿಕೆ ಮಕ್ಕಳ ಕೈಗೆ ಮರಳಿತು.

ಸ್ವೋರ್ಡಿ ವೆಲ್‌ನ ಪಾಡು ಇಷ್ಟು ಸಲೀಸಾಗಿರಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಅಲ್ಲಿ ಕಸ ತುಂಬಿದರು. ಸ್ಥಳೀಯ ಪರಿಸರ ಟ್ರಸ್ಟಿನ ಕೈಗೆ ಬಂದ ಮೇಲೆ ಈಗ ಅದು ಸ್ವಾಡಿವೆಲ್ ಎಂಬ ಹೆಸರಿನ ನಿಸರ್ಗಧಾಮ. ಕ್ಲೇರ್ ಕಂಡು ಬರೆದಿದ್ದ ಬೀ ಆರ್ಕಿಡ್ ಹೂ ಅಲ್ಲಿ ಮತ್ತೆ ಅರಳುತ್ತದೆ. ಹಳೆಯ ಗೋಮಾಳವೇ ಬಂತೆನ್ನಲಾಗದು. ಅಲ್ಲಿ ಹಸು ಬಿಡುವ, ಪುಳ್ಳೆ ಆಯುವ ಹಕ್ಕು ಊರಿನ ಬಡವರಿಗೆ ಮರಳಲಿಲ್ಲ. ಯಾರು ಬೇಕಾದರೂ ಹೋಗಿ ನಡೆದಾಡಬಹುದು, ಅಷ್ಟು ಮಾತ್ರ.